ಓದುಗರ ಪ್ರಶ್ನೆ: ಸ್ಕಿಮ್ಮರ್ ಕಪ್ ತುಂಬುವುದೇ ಇಲ್ಲ, ತುಂಬಿದರೆ ನಿಲ್ಲುವುದಿಲ್ಲ

ಈ ಬಾರಿ ಕೋಲಾರ, ತುಮಕೂರು ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದಿರುವ ಐದು ಪತ್ರಗಳು ಉಪ್ಪುನೀರಿನ ಅಕ್ವೇರಿಯಂ ಮತ್ತು ಅದರ ಪ್ರೋಟೀನ್ ಸ್ಕಿಮ್ಮರ್, ಅಂದರೆ ನೀರಿನ ಕೊಳೆಯನ್ನು ಗಾಳಿಯ ಗುಳ್ಳೆಗಳ ನೊರೆಯಾಗಿ ಕತ್ತಿನಂಥ ಕೊಳವೆಯಲ್ಲಿ ಏರಿಸಿ ಮೇಲಿನ ಕಪ್ಪಿಗೆ ಬೀಳಿಸುವ ಸಾಧನದ ಕುರಿತಾಗಿವೆ. ಮೊದಲ ಪತ್ರದಲ್ಲಿರುವ ತೊಂದರೆಯೇ ಉಳಿದ ಹಲವು ತೊಂದರೆಗಳ ಮೂಲವಾಗಿರುವುದರಿಂದ ಅದಕ್ಕೆ ವಿವರವಾಗಿ ಉತ್ತರಿಸಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ನಮ್ಮ ಕಡೆ ಸಂಪ್ ಎಂದರೆ ಮನೆಯ ಮುಂದೆ ನೆಲದಡಿ ಇರುವ ನೀರಿನ ತೊಟ್ಟಿ. ಅಕ್ವೇರಿಯಂ ಸಾಕುವವರು ಸಂಪ್ ಎನ್ನುವುದು ಮೀನಿನ ತೊಟ್ಟಿಯ ಕೆಳಗೆ, ಸ್ಟ್ಯಾಂಡಿನ ಒಳಗೆ ಇಡುವ ಎರಡನೆಯ ಗಾಜಿನ ತೊಟ್ಟಿಗೆ. ಇಲ್ಲಿ ಆ ಪದವನ್ನು ಈ ಎರಡನೆಯ ಅರ್ಥದಲ್ಲಿಯೇ ಬಳಸಿದ್ದೇನೆ.

ಪ್ರಶ್ನೆ: ಮಾನ್ಯರೇ, ನಮ್ಮ ಮನೆಯಲ್ಲಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಉಪ್ಪುನೀರಿನ ತೊಟ್ಟಿ ಇದೆ. ಎರಡು ಕ್ಲೌನ್ ಮೀನು, ಒಂದು ಬ್ಲೆನ್ನಿ, ಮೂರು ಡ್ಯಾಮ್ಸೆಲ್ ಹಾಗೂ ಒಂದಿಷ್ಟು ಲೈವ್ ರಾಕ್ (ಸೂಕ್ಷ್ಮಜೀವಿಗಳು ನೆಲೆಸಿರುವ ಕಡಲ ಕಲ್ಲು) ಇವೆ. ಹತ್ತು ದಿನಗಳ ಹಿಂದೆ ಹೊಸ ಸ್ಕಿಮ್ಮರ್ ಕೂರಿಸಿದೆವು. ಒಂದು ದಿನ ಕಪ್ಪಿನಲ್ಲಿ ತಿಳಿನೀರೇ ತುಂಬಿ ಹರಿಯುತ್ತದೆ, ಇನ್ನೊಂದು ದಿನ ನೊರೆ ಕತ್ತಿನವರೆಗೂ ಬರುವುದಿಲ್ಲ. ಸಂಪಿನಲ್ಲಿ ನೀರು ಹನ್ನೊಂದು ಇಂಚು ನಿಲ್ಲುತ್ತದೆ. ಆವಿಯಾಗಿ ಹೋದ ನೀರಿಗೆ ಬದಲಾಗಿ ಮೂರು ದಿನಕ್ಕೊಮ್ಮೆ ಅರ್ಧ ಬಕೆಟ್ ನೀರು ಹಾಕುತ್ತೇವೆ. ದಿನಕ್ಕೆ ಹತ್ತು ಸಲ ಸ್ಕಿಮ್ಮರಿನ ಹೊರಹರಿವಿನ ವಾಲ್ವ್ ತಿರುಗಿಸಿದರೂ ಹದ ಸಿಗುತ್ತಿಲ್ಲ. ಸ್ಕಿಮ್ಮರನ್ನೇ ಬದಲಿಸಬೇಕೇ? ದಯವಿಟ್ಟು ತಿಳಿಸಿ.
– ಓದುಗರು, ಕೋಲಾರ

ಉತ್ತರ: ಬದಲಿಸುವ ಅಗತ್ಯವಿಲ್ಲ. ನಿಮ್ಮ ಪತ್ರದಲ್ಲಿ ನೀವು ಮಾತಿನ ನಡುವೆ ಹೇಳಿ ಬಿಟ್ಟಿರುವ ಎರಡು ಸಂಗತಿಗಳಲ್ಲಿಯೇ ಉತ್ತರ ಇದೆ: ನೀರು ಹನ್ನೊಂದು ಇಂಚು ನಿಲ್ಲುತ್ತದೆ ಎನ್ನುವುದು ಒಂದು, ಮೂರು ದಿನಕ್ಕೊಮ್ಮೆ ನೀರು ಹಾಕುತ್ತೇವೆ ಎನ್ನುವುದು ಇನ್ನೊಂದು. ತೊಂದರೆ ಇರುವುದು ವಾಲ್ವ್‌ನಲ್ಲಿ ಅಲ್ಲ, ಸ್ಕಿಮ್ಮರ್ ನಿಂತಿರುವ ನೀರಿನ ಮಟ್ಟದಲ್ಲಿ.

ಈ ಸಾಧನ ಮಾಡುವ ಕೆಲಸವನ್ನು ಅಡುಗೆಮನೆಯಲ್ಲಿ ನೀವು ದಿನವೂ ನೋಡುತ್ತೀರಿ. ತೊಗರಿಬೇಳೆ ಕುದಿಯುವಾಗ ಮೇಲೆ ನೊರೆ ಕಟ್ಟುತ್ತದೆ, ಅದನ್ನು ಸೌಟಿನಿಂದ ತೆಗೆದು ಚೆಲ್ಲುತ್ತಾರೆ. ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ನೊರೆ ರಸ್ತೆಗೆ ಹಾರಿ ಬಂದದ್ದನ್ನು ಓದುಗರು ಮರೆತಿರಲಾರರು. ಅಲ್ಲಿಯೂ ನೀರಿನಲ್ಲಿದ್ದ ಸೋಪು ಮತ್ತು ಕೊಳಚೆಯ ಅಂಶಗಳು ಗಾಳಿಯ ಗುಳ್ಳೆಗೆ ಅಂಟಿಕೊಂಡು ಮೇಲೆದ್ದವು. ಮೀನಿನ ಮೈಯ ಲೋಳೆ, ಹಿಕ್ಕೆ, ತಿನ್ನದೆ ಉಳಿದ ಆಹಾರ ಇವುಗಳಿಂದ ನೀರಿಗೆ ಸೇರುವ ಸಾವಯವ ಅಂಶಗಳಲ್ಲಿ ಬಹಳಷ್ಟರ ಒಂದು ತುದಿ ನೀರಿಗೆ ಒಗ್ಗುತ್ತದೆ, ಇನ್ನೊಂದು ತುದಿ ನೀರಿನಿಂದ ದೂರ ಸರಿಯುತ್ತದೆ. ನೀರು ಮತ್ತು ಗಾಳಿ ಸೇರುವ ಅಂಚು ಸಿಕ್ಕ ಕೂಡಲೇ ಅವು ಅಲ್ಲಿ ನೆಲೆಗೊಳ್ಳುತ್ತವೆ. ಸ್ಕಿಮ್ಮರಿನ ಪಂಪು ಲಕ್ಷಾಂತರ ಸಣ್ಣ ಗುಳ್ಳೆಗಳನ್ನು ಮಾಡಿ ಆ ಅಂಚನ್ನು ಒದಗಿಸುತ್ತದೆ, ಗುಳ್ಳೆಗಳು ಕೊಳೆಯನ್ನು ಹೊತ್ತು ಕತ್ತಿನ ಮೂಲಕ ಏರಿ ಕಪ್ಪಿಗೆ ಬೀಳುತ್ತವೆ. ಆ ಕೊಳೆ ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಆಗಿ ಒಡೆಯುವುದಕ್ಕೆ ಮುಂಚೆಯೇ ತೊಟ್ಟಿಯಿಂದ ಹೊರಗೆ ಹೋಗುವುದೇ ಇದರ ದೊಡ್ಡ ಉಪಕಾರ. ಬೇರೆ ಫಿಲ್ಟರುಗಳು ಕೊಳೆಯನ್ನು ಹಿಡಿದಿಡುತ್ತವೆ, ಆದರೆ ನಾವು ತೊಳೆಯುವ ತನಕ ಅದು ನೀರಿನಲ್ಲಿಯೇ ಕೊಳೆಯುತ್ತಿರುತ್ತದೆ.

ಈಗ ಮಟ್ಟದ ವಿಚಾರಕ್ಕೆ ಬರೋಣ. ಸಂಪಿನೊಳಗೆ ಇಡುವ ಸ್ಕಿಮ್ಮರುಗಳನ್ನು ಸಾಮಾನ್ಯವಾಗಿ ಆರರಿಂದ ಒಂಬತ್ತು ಇಂಚು ಆಳದ ನೀರಿಗೆ ಹೊಂದುವಂತೆ ಮಾಡಿರುತ್ತಾರೆ; ನಿಮ್ಮದಕ್ಕೆ ಎಷ್ಟೆಂಬುದು ಜೊತೆಯಲ್ಲಿ ಬಂದ ಕೈಪಿಡಿಯಲ್ಲಿ ಇರುತ್ತದೆ. ಸುತ್ತಲಿನ ನೀರು ಅದಕ್ಕಿಂತ ಆಳವಾದರೆ ಸ್ಕಿಮ್ಮರಿನ ಒಳಗಿನ ನೀರೂ ಮೇಲೇರಿ ಕತ್ತಿನ ಹತ್ತಿರ ನಿಲ್ಲುತ್ತದೆ. ನೀರಿನ ಒತ್ತಡ ಹೆಚ್ಚಿದ ಕಾರಣ ಪಂಪು ಎಳೆದುಕೊಳ್ಳುವ ಗಾಳಿಯೂ ಕಡಿಮೆಯಾಗುತ್ತದೆ. ಗುಳ್ಳೆ ಕಡಿಮೆ, ನೀರು ಹೆಚ್ಚು ಎನ್ನುವ ಈ ಸ್ಥಿತಿಯಲ್ಲಿ ಕಪ್ಪಿಗೆ ಬೀಳುವುದು ಕೊಳೆಯಲ್ಲ, ತಿಳಿನೀರು. ನಿಮ್ಮ ಸಂಪಿನಲ್ಲಿ ಕೋಣೆಗಳನ್ನು ಬೇರ್ಪಡಿಸುವ ಅಡ್ಡಗಾಜು ಇಲ್ಲವೆಂದು ತೋರುತ್ತದೆ. ಹಾಗಿದ್ದರೆ ಆವಿಯಾಗುವ ನೀರೆಲ್ಲ ಸ್ಕಿಮ್ಮರ್ ನಿಂತ ಜಾಗದಲ್ಲಿಯೇ ಇಳಿಯುತ್ತದೆ. ದಿನಕ್ಕೆ ಎರಡು ಮೂರು ಲೀಟರ್ ಹೋದರೂ ಮೂರು ದಿನದಲ್ಲಿ ಮಟ್ಟ ಒಂದು ಇಂಚಿನಷ್ಟು ಕೆಳಗಾಗುತ್ತದೆ, ನೊರೆಯೂ ಇಳಿಯುತ್ತದೆ. ನೀವು ಅರ್ಧ ಬಕೆಟ್ ಸುರಿದ ದಿನ ಮತ್ತೆ ಉಕ್ಕುತ್ತದೆ. ಬದಲಾಗುವ ನೀರಿನ ಹಿಂದೆ ವಾಲ್ವ್ ಹಿಡಿದು ಓಡಿದರೆ ಹದ ಯಾವತ್ತೂ ಸಿಗುವುದಿಲ್ಲ.

ಆದ್ದರಿಂದ ಮೊದಲು ಸ್ಕಿಮ್ಮರನ್ನು ಎತ್ತರಿಸಿ. ಅಕ್ರಿಲಿಕ್ ಹಾಳೆಯ ತುಂಡಿನ ಕೆಳಗೆ ಮೂರು ಇಂಚಿನ ಪಿವಿಸಿ ಪೈಪಿನ ತುಂಡುಗಳನ್ನು ನಿಲ್ಲಿಸಿ ಸಿಲಿಕಾನಿನಿಂದ ಅಂಟಿಸಿದರೆ ಸ್ಟ್ಯಾಂಡ್ ಸಿದ್ಧವಾಗುತ್ತದೆ. ಶಿಲೀಂಧ್ರ ತಡೆಯುವ ಔಷಧಿ ಬೆರೆತ ಬಾತ್‌ರೂಮ್ ಸಿಲಿಕಾನ್ ಮಾತ್ರ ಬೇಡ, ಕಬ್ಬಿಣದ ಸ್ಟ್ಯಾಂಡ್ ಕೂಡ ಬೇಡ. ಆಗ ನಿಮ್ಮ ಹನ್ನೊಂದು ಇಂಚು ಎಂಟಕ್ಕೆ ಬರುತ್ತದೆ. ಮಟ್ಟ ಅಲ್ಲಿಯೇ ನಿಲ್ಲಬೇಕಾದರೆ ಮೂರು ದಿನಕ್ಕೊಮ್ಮೆ ಸುರಿಯುವುದನ್ನು ಬಿಟ್ಟು ಪ್ರತಿದಿನ ಗಾಜಿನ ಮೇಲೆ ಗುರುತು ಮಾಡಿದ ಗೆರೆಯವರೆಗೆ ಸಿಹಿನೀರು ಸೇರಿಸಿ, ಇಲ್ಲವೇ ಮಟ್ಟ ಇಳಿದಾಗ ತಾನಾಗಿ ನೀರು ಸೇರಿಸುವ, ಫ್ಲೋಟ್ ಇರುವ ಆಟೋ ಟಾಪ್ ಆಫ್ ಹಾಕಿಸಿ. ಮುಂದೆ ಸಂಪ್ ಖಾಲಿ ಮಾಡುವ ಸಂದರ್ಭ ಬಂದರೆ ಸ್ಟ್ಯಾಂಡ್ ತೆಗೆದು, ಎಂಟು ಇಂಚು ಎತ್ತರದ ಅಡ್ಡಗಾಜನ್ನು ಕೂರಿಸಿ ಸ್ಕಿಮ್ಮರಿಗೆ ಬೇರೆ ಕೋಣೆ ಮಾಡಿಬಿಡಿ. ಆವಿಯಾದ ನೀರಿನ ಏರುಪೇರು, ನೀರನ್ನು ಮತ್ತೆ ಮೇಲಿನ ತೊಟ್ಟಿಗೆ ಹತ್ತಿಸುವ ರಿಟರ್ನ್ ಪಂಪಿನ ಕೋಣೆಯಲ್ಲಿ ಮಾತ್ರ ಕಾಣುತ್ತದೆ, ಸ್ಕಿಮ್ಮರ್ ಇರುವಲ್ಲಿ ಅಡ್ಡಗಾಜಿನ ಎತ್ತರವೇ ನೀರಿನ ಎತ್ತರವಾಗುತ್ತದೆ. ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ಕಂಡಿಲ್ಲ.

ಹೊಸ ಸ್ಕಿಮ್ಮರ್ ಎನ್ನುವುದನ್ನೂ ಮರೆಯಬಾರದು. ಕಾರ್ಖಾನೆಯಿಂದ ಬಂದ ಅಕ್ರಿಲಿಕ್ಕಿನ ಮೇಲೆ ತೆಳುವಾದ ಎಣ್ಣೆ ಜಿಡ್ಡು ಉಳಿದಿರುತ್ತದೆ. ಅದು ಹೋಗಿ ಒಳಗೋಡೆಗೆ ತೆಳ್ಳಗೆ ಜೈವಿಕ ಪದರ ಕಟ್ಟುವ ತನಕ, ಅಂದರೆ ಮೂರು ದಿನದಿಂದ ಎರಡು ವಾರದವರೆಗೆ, ನೊರೆ ತನ್ನಿಷ್ಟದಂತೆ ಏರುತ್ತದೆ, ಇಳಿಯುತ್ತದೆ. ಈ ಅವಧಿಯಲ್ಲಿ ವಾಲ್ವ್ ಪೂರ್ತಿ ತೆರೆದಿಟ್ಟು ಸುಮ್ಮನಿರಬೇಕು.

ಆಮೇಲೆ ಹದ ಮಾಡುವ ಕೆಲಸ. ಕತ್ತು ಎಲ್ಲಿ ದೇಹಕ್ಕೆ ಕೂಡುತ್ತದೆಯೋ ಅಲ್ಲಿ ಕಣ್ಣಿಟ್ಟು ನೋಡಿ. ಕೆಳಗೆ ಹಾಲಿನಂತೆ ಬಿಳಿಯಾಗಿ ಕುದಿಯುವ ಗುಳ್ಳೆ ಬೆರೆತ ನೀರು, ಅದರ ಮೇಲೆ ಒಂದಕ್ಕೊಂದು ಒತ್ತಿಕೊಂಡು ನಿಧಾನವಾಗಿ ಏರುವ ಒಣ ನೊರೆ, ಇವೆರಡರ ನಡುವೆ ಒಂದು ಗಡಿ ಕಾಣುತ್ತದೆ. ಆ ಗಡಿ ಕತ್ತಿನ ಬುಡದಲ್ಲಿ ನಿಂತರೆ ಆರಂಭಕ್ಕೆ ಸರಿಯಾಯಿತು. ಹೊರಹರಿವಿನ ವಾಲ್ವ್ ಮುಚ್ಚಿದಷ್ಟೂ ಗಡಿ ಮೇಲೇರಿ ನೊರೆ ಒದ್ದೆಯಾಗುತ್ತದೆ, ತೆರೆದಷ್ಟೂ ಇಳಿದು ಒಣಗುತ್ತದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ತಿರುಗಿಸಿದ ಮೇಲೆ ಒಂದು ದಿನ ಮುಟ್ಟಬೇಡಿ. ಮೀನಿಗೆ ಆಹಾರ ಹಾಕಿದ ಕೂಡಲೇ ಅದರ ಎಣ್ಣೆಯಂಶಕ್ಕೆ ನೊರೆ ಕುಸಿಯುತ್ತದೆ, ಕೊಬ್ಬರಿ ಎಣ್ಣೆ ಸವರಿದ ಕೈ ಅದ್ದಿದರೂ ಕುಸಿಯುತ್ತದೆ. ಕೆಲವು ಗಂಟೆಗಳಲ್ಲಿ ತಾನಾಗಿ ಸರಿಹೋಗುವ ಇಂಥ ಕುಸಿತವನ್ನು ಕಂಡು ವಾಲ್ವ್ ತಿರುಗಿಸಿದವರ ಮನೆಯಲ್ಲಿ ರಾತ್ರಿ ಕಪ್ ಉಕ್ಕುತ್ತದೆ.

ಕಪ್ಪಿಗೆ ಬೀಳುವ ದ್ರವ ಹಾಲು ಹಾಕದ ಚಹಾದ ಬಣ್ಣಕ್ಕಿದ್ದರೆ ಒದ್ದೆ ಹದ, ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿ ಗಟ್ಟಿಯಾಗಿದ್ದರೆ ಒಣ ಹದ. ಒದ್ದೆ ಹದದಲ್ಲಿ ಒಟ್ಟು ಕೊಳೆ ಸ್ವಲ್ಪ ಹೆಚ್ಚು ಹೋಗುತ್ತದೆ, ಆದರೆ ಜೊತೆಯಲ್ಲಿ ಉಪ್ಪೂ ಹೋಗುತ್ತದೆ. ನಿಮ್ಮ ತೊಟ್ಟಿ ಮತ್ತು ಸಂಪ್ ಸೇರಿ ಸುಮಾರು 250 ಲೀಟರ್ ನೀರಿದೆ ಎಂದುಕೊಳ್ಳೋಣ. ದಿನಕ್ಕೆ ಒಂದು ಲೀಟರ್ ಕಪ್ಪಿಗೆ ಬಂದು, ಆ ಜಾಗಕ್ಕೆ ಸಿಹಿನೀರು ಸೇರುತ್ತಿದ್ದರೆ ಹತ್ತು ದಿನಗಳಲ್ಲಿ ಸಾವಿರಕ್ಕೆ 35 ಭಾಗ ಇದ್ದ ಉಪ್ಪಿನಂಶ 33.6ರ ಆಸುಪಾಸಿಗೆ ಇಳಿಯುತ್ತದೆ. ಆರು ಸಣ್ಣ ಮೀನುಗಳಿರುವ ನಿಮ್ಮ ತೊಟ್ಟಿಗೆ ಅಷ್ಟು ಒದ್ದೆ ಹದ ಬೇಕಿಲ್ಲ. ಎರಡು ಮೂರು ದಿನಕ್ಕೆ ಅರ್ಧ ಕಪ್ ಗಾಢ ಬಣ್ಣದ ದ್ರವ ಬಂದರೆ ಸಾಕು. ವಾರಕ್ಕೊಮ್ಮೆ ರಿಫ್ರ್ಯಾಕ್ಟೋಮೀಟರಿನಲ್ಲಿ ಉಪ್ಪಿನಂಶ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಪ್ರಶ್ನೆ: ಮಾನ್ಯರೇ, ನಮ್ಮ ಸ್ಕಿಮ್ಮರ್ ದಿನವೆಲ್ಲ ಚೆನ್ನಾಗಿ ನಡೆಯುತ್ತದೆ. ಆದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಕಪ್ ಉಕ್ಕಿ, ಕೊಳೆಯೆಲ್ಲ ಸಂಪಿಗೆ ಸೇರುತ್ತದೆ. ಒಂದೆರಡು ಸಲ ನೆಲದ ಮೇಲೂ ಹರಿಯಿತು. ಪರಿಹಾರವೇನು?
– ಓದುಗರು, ತುಮಕೂರು

ಉತ್ತರ: ಕರೆಂಟ್ ಹೋದಾಗ ರಿಟರ್ನ್ ಪಂಪು ನಿಂತು, ಮೇಲಿನ ತೊಟ್ಟಿಯ ನೀರು ಪೈಪಿನ ಬಾಯಿ ಇರುವ ಮಟ್ಟದವರೆಗೆ ಸಂಪಿಗೆ ಇಳಿಯುತ್ತದೆ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲದ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ನೀರೆಂದರೆ ಸುಮಾರು ಐದೂವರೆ ಲೀಟರ್. ಎರಡು ಸೆಂಟಿಮೀಟರ್ ಇಳಿದರೆ ಹನ್ನೊಂದು ಲೀಟರ್, ಅದು 90 ಸೆಂಟಿಮೀಟರ್ ಉದ್ದ, 35 ಅಗಲದ ಸಂಪಿನಲ್ಲಿ ಮಟ್ಟವನ್ನು ಮೂರೂವರೆ ಸೆಂಟಿಮೀಟರ್ ಏರಿಸುತ್ತದೆ. ಸ್ಕಿಮ್ಮರಿನ ಒಳಗೆ ಎತ್ತರದಲ್ಲಿ ನಿಂತಿದ್ದ ನೀರೂ ಕೆಳಗಿಳಿಯುತ್ತದೆ, ಕತ್ತಿನಲ್ಲಿದ್ದ ಕೊಳೆ ನೊರೆ ಕುಸಿದು ಆ ನೀರಿಗೇ ಬೀಳುತ್ತದೆ. ಕರೆಂಟ್ ಬಂದ ಕ್ಷಣದಲ್ಲಿ ಎರಡೂ ಪಂಪುಗಳು ಒಟ್ಟಿಗೆ ಹೊರಟರೆ, ಮೇಲೇರಿದ ಮಟ್ಟದಲ್ಲಿ, ಕೊಳೆ ಬೆರೆತ ನೀರಿನೊಂದಿಗೆ ಸ್ಕಿಮ್ಮರ್ ಕೆಲಸ ಶುರುಮಾಡುತ್ತದೆ. ಉಕ್ಕದೆ ಇನ್ನೇನಾದೀತು?

ರಿಟರ್ನ್ ಪಂಪು ಮೊದಲು ಹೊರಡಬೇಕು, ಸಂಪಿನ ನೀರು ಹಳೆಯ ಗೆರೆಗೆ ಬಂದ ಮೇಲೆ, ಅಂದರೆ ಐದು ಹತ್ತು ನಿಮಿಷ ಬಿಟ್ಟು, ಸ್ಕಿಮ್ಮರ್ ಹೊರಡಬೇಕು. ಕರೆಂಟ್ ಬಂದ ಮೇಲೆ ಕೆಲವು ನಿಮಿಷ ತಡೆದು ಸಾಧನವನ್ನು ಚಾಲೂ ಮಾಡುವ ಡಿಲೇ ಟೈಮರುಗಳು ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತವೆ. ಅಂಥದ್ದೊಂದನ್ನು ಸ್ಕಿಮ್ಮರಿನ ಪ್ಲಗ್ಗಿಗೆ ಹಾಕಿ. ರಿಟರ್ನ್ ಪೈಪಿನ ಬಾಯಿ ನೀರಿನೊಳಗೆ ಆಳಕ್ಕೆ ಮುಳುಗಿದ್ದರೆ ಅದನ್ನು ಮೇಲ್ಮೈ ಹತ್ತಿರಕ್ಕೆ ತನ್ನಿ, ಇಲ್ಲವೇ ಮೇಲ್ಮೈಗಿಂತ ಸ್ವಲ್ಪ ಕೆಳಗೆ ಪೈಪಿಗೆ ಸಣ್ಣ ತೂತು ಕೊರೆಯಿರಿ. ನೀರು ಆ ತೂತಿನ ತನಕ ಇಳಿದು ಗಾಳಿ ಹೊಕ್ಕ ಕೂಡಲೇ ಹರಿವು ನಿಲ್ಲುತ್ತದೆ. ಒಂದೇ ಕಡೆ ನೀರು ಬಿಡುವ ಚೆಕ್ ವಾಲ್ವನ್ನು ಮಾತ್ರ ನಂಬಬೇಡಿ, ಉಪ್ಪು ಮತ್ತು ಸುಣ್ಣ ಕೂತು ಅದು ಒಂದು ದಿನ ಪೂರ್ತಿ ಮುಚ್ಚದೆ ಉಳಿಯುತ್ತದೆ.

ಇನ್ವರ್ಟರ್ ಇದ್ದರೆ ಅದಕ್ಕೆ ರಿಟರ್ನ್ ಪಂಪನ್ನೇ ಸೇರಿಸಿ. ಕರೆಂಟ್ ಹೋದ ಹೊತ್ತಿನಲ್ಲಿ ಮೀನಿಗೆ ಮೊದಲು ಬೇಕಾಗುವುದು ಉಸಿರು. 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು, ಕಡಲಿನ ನೀರು ಆರೂವರೆಗಿಂತ ಸ್ವಲ್ಪ ಹೆಚ್ಚು ಅಷ್ಟೆ. ನಮ್ಮ ಮೂರೂ ಜಿಲ್ಲಾ ಕೇಂದ್ರಗಳು ಸಮುದ್ರಮಟ್ಟಕ್ಕಿಂತ 800ರಿಂದ 900 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿಯ ಒತ್ತಡ ಕಡಿಮೆಯಾಗಿ, ಆ ಲೆಕ್ಕದಿಂದಲೂ ಹತ್ತನೆಯ ಒಂದು ಭಾಗದಷ್ಟು ಕಳೆಯಬೇಕು. ಮಂಗಳೂರಿನಲ್ಲಿ ತೊಟ್ಟಿ ಇಟ್ಟವರಿಗಿಂತ ನಮಗೆ ಈ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಬ್ಯಾಟರಿಯಲ್ಲಿ ನಡೆಯುವ ಸಣ್ಣ ಏರ್ ಪಂಪೊಂದನ್ನು ಮನೆಯಲ್ಲಿ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮಲ್ಲಿ ಕೊಳವೆಬಾವಿ ನೀರು. ಅದಕ್ಕೆ ಅಂಗಡಿಯಲ್ಲಿ ಕೊಟ್ಟ ವಾಟರ್ ಕಂಡೀಷನರ್ ಹಾಕಿ, ಉಪ್ಪು ಬೆರೆಸಿ ನೀರು ಬದಲಿಸುತ್ತೇವೆ. ಪ್ರತಿ ಸಲವೂ ಎರಡು ಮೂರು ದಿನ ಸ್ಕಿಮ್ಮರ್ ಬಿಳಿ ನೊರೆ ಉಕ್ಕಿಸುತ್ತದೆ. ಸ್ಕಿಮ್ಮರ್ ಇದ್ದರೂ ನೈಟ್ರೇಟ್ ಇಳಿದಿಲ್ಲ. ಏಕೆ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಎರಡಕ್ಕೂ ಕಾರಣ ನೀವು ತೊಟ್ಟಿಗೆ ಹಾಕುತ್ತಿರುವ ನೀರಿನಲ್ಲಿದೆ. ಮೀನಿನ ಮೈಯ ಲೋಳೆಪದರವನ್ನು ಕಾಪಾಡುತ್ತದೆ ಎಂದು ಬಾಟಲಿಯ ಮೇಲೆ ಬರೆದಿರುವ ಕಂಡೀಷನರುಗಳಲ್ಲಿ ಅಂಟಿನಂಥ ಪಾಲಿಮರ್ ಇರುತ್ತದೆ, ಸ್ಕಿಮ್ಮರಿಗೆ ಸಿಕ್ಕರೆ ಅದು ಸೋಪಿನಂತೆ ನೊರೆಯಾಗುತ್ತದೆ. ಕಂಡೀಷನರ್ ಬೇಕಾಗುವುದು ಕ್ಲೋರಿನ್ ಹಾಕಿದ ನಲ್ಲಿನೀರಿಗೆ. ನೇರವಾಗಿ ಕೊಳವೆಬಾವಿಯಿಂದ ಬಂದ ನೀರಿನಲ್ಲಿ ಕ್ಲೋರಿನ್ನೇ ಇರುವುದಿಲ್ಲ. ಅದನ್ನು ನಿಲ್ಲಿಸಿ. ಉಕ್ಕುವ ದಿನಗಳಲ್ಲಿ ವಾಲ್ವ್ ಪೂರ್ತಿ ತೆರೆದು, ಕಪ್ಪನ್ನು ತೆಗೆದಿಟ್ಟು ಸ್ಕಿಮ್ಮರನ್ನು ಓಡಿಸಿದರೆ ನೀರಿಗೆ ಗಾಳಿಯಾದರೂ ಸೇರುತ್ತಿರುತ್ತದೆ.

ಸೋಪಿನ ಮಾತು ಬಂದದ್ದರಿಂದ ನನ್ನ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಒಂದು ಭಾನುವಾರ ಕಪ್ಪನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ಉಜ್ಜಿ, ಎರಡು ಸಲ ನೀರಿನಲ್ಲಿ ಜಾಲಿಸಿ ಕೂರಿಸಿದೆ. ಸಂಜೆಯ ಹೊತ್ತಿಗೆ ಕಪ್ ಮೂರು ಸಲ ತುಂಬಿತ್ತು, ನೊರೆ ಮುಚ್ಚಳವನ್ನು ಎತ್ತಿ ಹೊರಗೆ ಇಳಿಯುತ್ತಿತ್ತು. ಅದು ನಿಲ್ಲಲು ಎರಡು ದಿನ ಬೇಕಾಯಿತು. ಅಂದಿನಿಂದ ನಮ್ಮಲ್ಲಿ ಕಪ್ಪಿಗೆ ಬಿಸಿನೀರು ಮತ್ತು ಅದಕ್ಕೆಂದೇ ಬೇರೆ ಇಟ್ಟ ಬ್ರಷ್ ಮಾತ್ರ.

ನೈಟ್ರೇಟ್ ಬೇರೆಯ ವಿಷಯ. ಸ್ಕಿಮ್ಮರ್ ನೈಟ್ರೇಟ್ ಆಗುವ ಮೊದಲಿನ ಕೊಳೆಯನ್ನು ತೆಗೆಯುತ್ತದೆ. ಈಗಾಗಲೇ ನೀರಿನಲ್ಲಿ ಕರಗಿರುವ ನೈಟ್ರೇಟ್ ಗುಳ್ಳೆಗೆ ಅಂಟುವುದಿಲ್ಲ. ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಹಲವು ಕೊಳವೆಬಾವಿಗಳಲ್ಲಿ ಗಡಸುತನದ ಜೊತೆಗೆ ಫ್ಲೋರೈಡ್ ಮತ್ತು ನೈಟ್ರೇಟ್ ಕೂಡ ಹೆಚ್ಚಾಗಿರುವುದು ನಮಗೆಲ್ಲ ತಿಳಿದ ನೋವಿನ ಸಂಗತಿ. ನೀರು ಬದಲಿಸುವ ಹೆಸರಿನಲ್ಲಿ ನೀವು ಪ್ರತಿ ಸಲವೂ ಹೊಸ ನೈಟ್ರೇಟನ್ನು ತೊಟ್ಟಿಗೆ ಸುರಿಯುತ್ತಿರಬಹುದು. ಆ ನೀರನ್ನೇ ಟೆಸ್ಟ್ ಕಿಟ್ಟಿನಲ್ಲಿ ಒಮ್ಮೆ ನೋಡಿ.

ಆರ್.ಓ. ನೀರಿಗೆ ಬದಲಾಗುವುದೇ ಸರಿಯಾದ ದಾರಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತರುವುದಾದರೆ ನೀರಿನಲ್ಲಿ ಕರಗಿರುವ ಲವಣಗಳನ್ನು ಅಳೆಯುವ ಟಿ.ಡಿ.ಎಸ್. ಮೀಟರ್ ಜೊತೆಗಿರಲಿ, ಏಕೆಂದರೆ ರುಚಿಗಾಗಿ ಸ್ವಲ್ಪ ಮೂಲ ನೀರನ್ನು ಮತ್ತೆ ಬೆರೆಸುವ ಘಟಕಗಳಿವೆ, ಮೆಂಬ್ರೇನ್ ಹಳೆಯದಾಗಿರುವ ಘಟಕಗಳೂ ಇವೆ. ಮೀನು ಮಾತ್ರ ಇರುವ ತೊಟ್ಟಿಗೆ 50ಕ್ಕಿಂತ ಕಡಿಮೆ ಇದ್ದರೆ ನಡೆಯುತ್ತದೆ, ಹವಳ ಸಾಕುವುದಾದರೆ ಉಳಿದ ಲವಣಗಳನ್ನೂ ಹಿಡಿಯುವ ಡಿ.ಐ. ರಾಳದ ಫಿಲ್ಟರ್ ಸೇರಿಸಿ ಸೊನ್ನೆಗೆ ತರಬೇಕು. 20 ಲೀಟರಿನ ಒಂದು ಕ್ಯಾನಿಗೆ, ಉಪ್ಪಿನ ಮಿಶ್ರಣ ಯಾವುದೆಂಬುದರ ಮೇಲೆ, ಸುಮಾರು 700ರಿಂದ 760 ಗ್ರಾಂ ಹಿಡಿಯುತ್ತದೆ. ಹಿಂದಿನ ದಿನವೇ ಬಕೆಟ್ಟಿನಲ್ಲಿ ಸಣ್ಣ ಪಂಪು ಬಿಟ್ಟು ಪೂರ್ತಿ ಕರಗಿಸಿ, 25 ಡಿಗ್ರಿಯಲ್ಲಿ ಸಾಪೇಕ್ಷ ಸಾಂದ್ರತೆ (ಸಿಹಿನೀರಿಗೆ ಹೋಲಿಸಿದ ಸಾಂದ್ರತೆ) 1.025ರಿಂದ 1.026 ಬಂದಿದೆಯೆಂದು ನೋಡಿಕೊಂಡೇ ತೊಟ್ಟಿಗೆ ಸೇರಿಸಿ.

ಪ್ರಶ್ನೆ: ಗೋಲ್ಡ್ ಫಿಶ್ ತೊಟ್ಟಿಗೂ ಸ್ಕಿಮ್ಮರ್ ಹಾಕಬಹುದೇ?
– ಓದುಗರು, ಗೌರಿಬಿದನೂರು

ಉತ್ತರ: ಹಾಕಿ ಪ್ರಯೋಜನವಿಲ್ಲ. ಉಪ್ಪುನೀರಿನಲ್ಲಿ ಗುಳ್ಳೆಗಳು ಒಂದರೊಡನೊಂದು ಬೆರೆಯದೆ ಸಣ್ಣವಾಗಿಯೇ ಉಳಿಯುತ್ತವೆ. ಸಿಹಿನೀರಿನಲ್ಲಿ ಅವು ಕೂಡಿಕೊಂಡು ದೊಡ್ಡದಾಗಿ ಬೇಗ ಮೇಲೆದ್ದು ಒಡೆಯುತ್ತವೆ. ಮನೆಯ ಸ್ಕಿಮ್ಮರಿನಲ್ಲಿ ನಿಲ್ಲುವಂಥ ನೊರೆ ಹುಟ್ಟುವುದಿಲ್ಲ. ಆ ಹಣದಲ್ಲಿ ಒಳ್ಳೆಯ ಸ್ಪಂಜ್ ಫಿಲ್ಟರ್ ಕೊಂಡು, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ.

ಪ್ರಶ್ನೆ: ನಾಲ್ಕು ತಿಂಗಳು ಚೆನ್ನಾಗಿದ್ದ ಸ್ಕಿಮ್ಮರಿನಲ್ಲಿ ಈಗ ಗುಳ್ಳೆ ಕಡಿಮೆಯಾಗಿದೆ, ಗರಗರ ಸದ್ದು ಬರುತ್ತದೆ. ನೀರಿನ ಮಟ್ಟ ಬದಲಾಗಿಲ್ಲ. ಪಂಪು ಸುಟ್ಟಿದೆಯೇ?
– ಓದುಗರು, ಮಧುಗಿರಿ

ಉತ್ತರ: ಪಂಪು ಸುಟ್ಟಿದ್ದರೆ ತಿರುಗುತ್ತಲೇ ಇರಲಿಲ್ಲ. ಗಾಳಿ ಎಳೆಯುವ ಕೊಳವೆಯನ್ನು ಬಿಚ್ಚಿ, ಅದು ಪಂಪಿಗೆ ಸೇರುವ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಉಪ್ಪಿನ ಭರಣಿಯ ಅಂಚಿನಲ್ಲಿ ಕಟ್ಟುವ ಬಿಳಿ ಹಕ್ಕಳೆಯಂತೆ ಒಳಗೆಲ್ಲ ಉಪ್ಪು ಕಟ್ಟಿ, ಪೆನ್ಸಿಲಿನಷ್ಟು ಅಗಲವಿದ್ದ ದಾರಿ ಬೆಂಕಿಕಡ್ಡಿಯಷ್ಟಾಗಿರುತ್ತದೆ. ಪಂಪು ಓಡುತ್ತಿರುವಾಗಲೇ ಕೊಳವೆಯ ಹೊರತುದಿಯನ್ನು ಒಂದು ಲೋಟ ಬಿಸಿ ಆರ್.ಓ. ನೀರಿನಲ್ಲಿ ಅದ್ದಿದರೆ ಅದು ನೀರನ್ನು ಎಳೆದುಕೊಂಡು ಉಪ್ಪನ್ನು ಕರಗಿಸುತ್ತದೆ. ಎರಡು ವಾರಕ್ಕೊಮ್ಮೆ ಹೀಗೆ ಮಾಡಿದರೆ ಮತ್ತೆ ಕಟ್ಟಿಕೊಳ್ಳುವುದಿಲ್ಲ.

ಗರಗರ ಸದ್ದಿಗೆ ಕಾರಣ ಸುಣ್ಣ. ಪ್ಲಗ್ ಕಿತ್ತು, ಪಂಪನ್ನು ಹೊರತೆಗೆದು, ಸೂಜಿಗಳಿರುವ ಚಕ್ರ ಮತ್ತು ಅಯಸ್ಕಾಂತವನ್ನು ಬಿಡಿಸಿ, ಸಮಪ್ರಮಾಣದ ನೀರು ಮತ್ತು ಬಿಳಿ ವಿನೆಗರಿನಲ್ಲಿ ಅಥವಾ ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ಒಂದೆರಡು ಗಂಟೆ ನೆನೆಹಾಕಿ. ಸುಣ್ಣ ಗುಳ್ಳೆಗುಳ್ಳೆಯಾಗಿ ಕರಗುವುದು ಕಣ್ಣಿಗೆ ಕಾಣುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಸಿಹಿನೀರಿನಲ್ಲಿ ತೊಳೆದು ಜೋಡಿಸಿ. ಮೂರು ನಾಲ್ಕು ತಿಂಗಳಿಗೊಮ್ಮೆ ಈ ಕೆಲಸ ಬೇಕು. ಕತ್ತಿನ ಒಳಮೈಯನ್ನು ಮಾತ್ರ ಎರಡು ಮೂರು ದಿನಕ್ಕೊಮ್ಮೆ ಒರೆಸಲೇಬೇಕು, ಅಲ್ಲಿ ಜಿಡ್ಡು ಕಟ್ಟಿದರೆ ಏರುವ ನೊರೆ ಒಡೆದು ಬೀಳುತ್ತದೆ.

ಸ್ಕಿಮ್ಮರ್ ಎಳೆಯುವ ಗಾಳಿ ಯಾವುದೆಂದು ನೀವು ಕೇಳಿಲ್ಲ, ಆದರೂ ಹೇಳಬೇಕೆನಿಸಿತು. ಅದು ಗಂಟೆಗೆ ನೂರಾರು ಲೀಟರ್ ಕೋಣೆಯ ಗಾಳಿಯನ್ನು ನೀರಿಗೆ ಬೆರೆಸುತ್ತದೆ. ಆ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಿದರೆ ಅಥವಾ ಸೊಳ್ಳೆ ಓಡಿಸುವ ಲಿಕ್ವಿಡ್ ಯಂತ್ರ ಇಟ್ಟರೆ ಅದರಲ್ಲಿರುವ ಕೀಟನಾಶಕವೂ ನೀರಿಗೆ ಸೇರುತ್ತದೆ. ಮೀನು ಮತ್ತು ಸಿಗಡಿಗಳಿಗೆ ಆ ಜಾತಿಯ ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲಿಯೂ ವಿಷ. ಏರ್ ಕೊಳವೆಗೆ ಉದ್ದನೆಯ ಇನ್ನೊಂದು ಕೊಳವೆ ಜೋಡಿಸಿ ಕಿಟಕಿಯಿಂದ ಹೊರಗೆ ಬಿಡಿ, ಬಾಯಿಗೆ ತೆಳುವಾದ ಬಲೆ ಕಟ್ಟಿ ಮಳೆ ಬೀಳದಂತೆ ಕೆಳಮುಖವಾಗಿ ಬಗ್ಗಿಸಿ. ಕೊಳವೆ ಉದ್ದವಾದಷ್ಟೂ ಗಾಳಿಯ ಎಳೆತ ತಗ್ಗುವುದರಿಂದ ಮೊದಲಿಗಿಂತ ಒಂದು ಅಳತೆ ಅಗಲದ ಕೊಳವೆಯನ್ನೇ ಆರಿಸಿಕೊಳ್ಳಿ, ಮರುದಿನ ನೊರೆಯ ಗಡಿ ಎಲ್ಲಿ ನಿಂತಿದೆಯೆಂದು ನೋಡಿ ವಾಲ್ವ್ ಕಾಲು ಸುತ್ತು ಸರಿಪಡಿಸಿ.